ಹುರಿದು ನೋಡಿದ ಕಾಳು, ಅರಿತು ಆಡಿದ ಮಾತು

ಶ್ರಾವಣವು ಬಂದಿತೆಂಬದನ್ನು ನಮ್ಮ ವಿಜಯಪುರದ ಓಣಿಗಳಲ್ಲಿ ಪಂಚಾಂಗಕ್ಕಿಂತ ಮೊದಲು ಮೂಗು ತಿಳಿಸುತ್ತದೆ. ನಾಗರಪಂಚಮಿಗೆ ಇನ್ನೂ ಎರಡು ದಿನಗಳಿರುವಾಗಲೇ ಮನೆಮನೆಯ ಒಲೆಯ ಮೇಲೆ ಜೋಳದ ಅಳ್ಳು ಸಿಡಿಯತೊಡಗುತ್ತದೆ; ಆ ಹುರಿದ ಕಾಳಿನ ಪರಿಮಳವು ಕಿಡಕಿಯಿಂದ ಕಿಡಕಿಗೆ ಹಾಯ್ದು, ಮಕ್ಕಳನ್ನು ಪುಸ್ತಕದಿಂದಲೂ ಹಿರಿಯರನ್ನು ನಿದ್ರೆಯಿಂದಲೂ ಎಬ್ಬಿಸುತ್ತದೆ. ಈ ವರ್ಷ ನಮ್ಮ ಮನೆಯಲ್ಲಿ ಆ ಅಳ್ಳಿನ ಸಂಗಡ ಒಂದು ಹೊಸ ಪದಾರ್ಥವೂ ಒಂದು ಹಳೆಯ ತಪ್ಪೂ ಚರ್ಚೆಗೆ ಬಂದವು. ಅವೆರಡನ್ನೂ ಈ ತಿಂಗಳ ಲೇಖನದಲ್ಲಿ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗಳು ಹಬ್ಬಕ್ಕೆಂದು ಬಂದವಳು ತನ್ನ ಚೀಲದಿಂದ ಬಣ್ಣಬಣ್ಣದ ಒಂದು ಪೊಟ್ಟಣವನ್ನು ತೆಗೆದಳು. “ಇದಕ್ಕ ಗ್ರಾನೋಲಾ ಅಂತಾರ, ಅಜ್ಜಿ. ಮುಂಜಾನೆ ಹಾಲಿನಾಗ ಹಾಕ್ಕೊಂಡು ತಿನ್ನೂದು,” ಎಂದಳು. ನಾವು ಕನ್ನಡಕವನ್ನು ಏರಿಸಿ ಪೊಟ್ಟಣದ ಬೆನ್ನನ್ನು ಓದತೊಡಗಿದೆವು. ಮೊದಲನೆಯ ಹೆಸರು ಓಟ್ಸು, ಎರಡನೆಯದು ಸಕ್ಕರೆ, ಅನಂತರ ಎಣ್ಣೆ, ಬದಾಮಿ, ಒಣದ್ರಾಕ್ಷಿ. ಒಳಗಿನ ಪದಾರ್ಥಗಳ ಹೆಸರನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಕ್ರಮವಾಗಿ ಬರೆಯತಕ್ಕದ್ದೆಂದು ನಮ್ಮ ದೇಶದ ಆಹಾರದ ನಿಯಮವಿದೆ. ಆದುದರಿಂದ ಎರಡನೆಯ ಹೆಸರು ಸಕ್ಕರೆಯೆಂದರೆ, ಬದಾಮಿ ದ್ರಾಕ್ಷಿಗಳ ಚಿತ್ರವು ಮುಂಭಾಗದಲ್ಲಿ ಎಷ್ಟೇ ದೊಡ್ಡದಿರಲಿ, ನಾವು ಕೊಂಡದ್ದರಲ್ಲಿ ಸಕ್ಕರೆಯ ಪಾಲೇ ಅವೆರಡಕ್ಕಿಂತಲೂ ಹೆಚ್ಚು. ಇದನ್ನು ಹೇಳಿದಾಗ ಹುಡುಗಿಯು ನಕ್ಕು, “ಅದನ್ನೆಲ್ಲಾ ಯಾರ ಓದ್ತಾರ, ಅಜ್ಜಿ?” ಎಂದಳು. ಆ ಪ್ರಶ್ನೆಯು ಒಂದು ಕಡೆಯಿಂದ ನಮ್ಮನ್ನೂ ಚುಚ್ಚಿತು. ಯಾಕೆಂಬದನ್ನು ಮುಂದೆ ಹೇಳುವೆವು.

ಗ್ರಾನೋಲಾ ಎಂಬದೇನು ಆಕಾಶದಿಂದ ಇಳಿದ ಪದಾರ್ಥವಲ್ಲ. 1863ರ ಸುಮಾರಿಗೆ ಅಮೇರಿಕೆಯ ನ್ಯೂಯಾರ್ಕ ಪ್ರಾಂತದಲ್ಲಿ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯನು ತನ್ನ ಆರೋಗ್ಯಧಾಮದ ರೋಗಿಗಳಿಗಾಗಿ ತೌಡು ತೆಗೆಯದ ಗೋದಿಹಿಟ್ಟನ್ನು ಸುಟ್ಟು, ಮುರಿದು, ಮತ್ತೆ ಸುಟ್ಟು, ‘ಗ್ರಾನುಲಾ’ ಎಂಬ ಹೆಸರಿನಿಂದ ಕೊಡುತ್ತಿದ್ದನು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರಾತ್ರಿಯೆಲ್ಲ ಹಾಲಿನಲ್ಲಿ ನೆನೆಯಿಟ್ಟ ಹೊರತು ಹಲ್ಲಿಗೆ ಬಗ್ಗುತ್ತಿರಲಿಲ್ಲ. ತರುವಾಯ ಕೆಲ್ಲಾಗ್ ಎಂಬ ಇನ್ನೊಬ್ಬ ವೈದ್ಯನು ಅಂಥದೇ ಒಂದು ತಿನಿಸನ್ನು ಮಾಡಿ, ಹೆಸರಿನ ತಕರಾರು ಬಂದಾಗ ‘ಗ್ರಾನೋಲಾ’ ಎಂದು ತಿದ್ದಿಕೊಂಡನು. ಕಾಳನ್ನು ಹುರಿದು, ಅಳ್ಳಿಟ್ಟು ಮಾಡಿ, ಬೆಲ್ಲ ಹಾಲುಗಳೊಡನೆ ಕಲಸಿ ಉಣ್ಣುತ್ತ ಬಂದ ನಮ್ಮ ಅಜ್ಜಿಯರು ಇದನ್ನು ಕಂಡಿದ್ದರೆ, “ಇದರಾಗೇನ ಹೊಸಾದೈತಿ?” ಎನ್ನುತ್ತಿದ್ದರು. ಸರಿ, ಪೊಟ್ಟಣವನ್ನು ಬದಿಗಿರಿಸಿ ಮನೆಯಲ್ಲಿಯೇ ಮಾಡಿನೋಡುವದೆಂದು ನಿಶ್ಚಯವಾಯಿತು.

ಜೋಳವು ಜಮಖಂಡಿಯ ಹಾದಿಯಲ್ಲಿರುವ ಬಬಲೇಶ್ವರದಿಂದ, ನಮ್ಮ ತವರುಮನೆಯ ಹೊಲದಿಂದ ಬಂದಿತ್ತು. ಎಲ್ಲ ಜೋಳವೂ ಅಳ್ಳಾಗುವದಿಲ್ಲವೆಂಬದನ್ನು ಹೊಸ ಗೃಹಿಣಿಯರು ನೆನಪಿನಲ್ಲಿಡಬೇಕು. ರೊಟ್ಟಿಗೆ ಹೆಸರಾದ ಕಾಳು ಬಾಣಲಿಯಲ್ಲಿ ಸುಮ್ಮನೆ ಕರಿದಾಗಿ ಕೂತೀತು. ಸಣ್ಣಗೆ ಗಟ್ಟಿಯಾಗಿರುವ ಅಳ್ಳಿನ ಜೋಳವನ್ನೇ ಕೇಳಿ ತರಬೇಕು. ಅದನ್ನು ಹಸನು ಮಾಡಿ, ಬಿಸಿನೀರು ಚಿಮುಕಿಸಿ, ಅರಿವೆಯಲ್ಲಿ ಕಟ್ಟಿ ಒಂದು ರಾತ್ರಿ ಇಟ್ಟು, ಮರುದಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಹರವಬೇಕು. ಕಬ್ಬಿಣದ ಬಾಣಲಿಯು ಚೆನ್ನಾಗಿ ಕಾದ ಬಳಿಕ ಒಂದೊಂದೇ ಹಿಡಿ ಕಾಳು ಹಾಕಿ, ಅರಿವೆಯ ಗಂಟಿನಿಂದ ಕೈಬಿಡದೆ ಆಡಿಸಬೇಕು. ಕಾಳಿನೊಳಗಿನ ತೇವವು ಕಾದು ಉಗಿಯಾಗುತ್ತದೆ. ಗಟ್ಟಿಯಾದ ಸಿಪ್ಪೆಯು ಅದನ್ನು ಹೊರಗೆ ಬಿಡದೆ ತಡೆಯುತ್ತದೆ. ತಡೆಯಲಾರದಾದಾಗ ಸಿಡಿದು ಮಲ್ಲಿಗೆಯಂತೆ ಅರಳುತ್ತದೆ. ತೇವವು ಕಡಿಮೆಯಾದರೆ ಅರಳದು, ಹೆಚ್ಚಾದರೆ ಮೆತ್ತಗಾದೀತು. ಹುರಿದದ್ದನ್ನು ಜರಡಿಗೆ ಹಾಕಿ ಅರಳದ ಕಾಳನ್ನು ಬೇರೆ ಮಾಡುವದನ್ನು ಮರೆಯಬಾರದು. ಮುದುಕರ ಹಲ್ಲಿಗೆ ಅದೇ ಶತ್ರು.

ಅಳತೆಯು ಹೀಗೆ: ಅಳ್ಳು 4 ಬಟ್ಟಲು, ಹುರಿದು ಸಿಪ್ಪೆ ತೆಗೆದು ಒಡೆದ ಶೇಂಗಾ 1 ಬಟ್ಟಲು, ಪುಠಾಣಿ ಅರ್ಧ ಬಟ್ಟಲು, ಒಣಕೊಬ್ಬರಿಯ ತೆಳುವಾದ ಹೋಳು ಅರ್ಧ ಬಟ್ಟಲು, ಹುರಿದ ಬಿಳಿ ಎಳ್ಳು ಹಾಗೂ ಅಗಸಿ ತಲಾ 2 ಚಮಚ, ಪುಡಿ ಮಾಡಿದ ಬೆಲ್ಲ ಮುಕ್ಕಾಲು ಬಟ್ಟಲು, ಕುಸುಬಿ ಎಣ್ಣೆ ಇಲ್ಲವೆ ತುಪ್ಪ 2 ಚಮಚ, ಏಲಕ್ಕಿ ನಾಲ್ಕು, ಮಣೂಕ, ಅಂದರೆ ಒಣದ್ರಾಕ್ಷಿ, ಅರ್ಧ ಬಟ್ಟಲು. ಬೆಲ್ಲಕ್ಕೆ ಎರಡು ಮೂರು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಎಣ್ಣೆಯನ್ನು ಕೂಡಿಸಿ, ಎಳೆಪಾಕ ಬಂದ ಕೂಡಲೆ ಇಳಿಸಬೇಕು. ಮಣೂಕವೊಂದನ್ನುಳಿದು ಮಿಕ್ಕ ಎಲ್ಲವನ್ನೂ ಅದರಲ್ಲಿ ಹಗುರಾಗಿ ಕಲಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಹತ್ತು ಹನ್ನೆರಡು ನಿಮಿಷ ಆಡಿಸಿ, ಪರಾತದಲ್ಲಿ ಹರವಿ ಆರಗೊಡಬೇಕು. ಪೂರ್ತಿ ಆರಿದ ಮೇಲೆಯೇ ಮಣೂಕ ಬೆರೆಸುವದು. ಉರಿಯ ಮೇಲೆ ಹಾಕಿದರೆ ಅದು ಕಲ್ಲಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹದಿನೈದು ದಿನ ಗರಿಗರಿಯಾಗಿರುತ್ತದೆ.

ಇಲ್ಲಿ ಬೆಲ್ಲದ ಬಗ್ಗೆ ಒಂದು ಮಾತು. ಬಂಗಾರದಂತೆ ಹೊಳೆಯುವ ಬೆಲ್ಲವೇ ಉತ್ತಮವೆಂದು ನಾವು ಬಹುಕಾಲ ನಂಬಿದ್ದೆವು. ಕಬ್ಬಿನ ಹಾಲು ಕುದಿಯುವಾಗ ಸಹಜವಾಗಿಯೇ ಕಂದುಬಣ್ಣಕ್ಕೆ ತಿರುಗುತ್ತದೆ. ತಿಳಿಹಳದಿಯ ಸಲುವಾಗಿ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವ ವಾಡಿಕೆಯು ಹಲವು ಗಾಣದ ಮನೆಗಳಲ್ಲಿ ಉಂಟು. ಬಣ್ಣವನ್ನು ಕೇಳಿದವರು ಯಾರು? ಪೇಟೆಯಲ್ಲಿ ಎರಡು ಪೆಂಟೆಗಳನ್ನು ಮುಂದಿಟ್ಟಾಗ ಹೊಳೆಯುವದರ ಕಡೆಗೆ ಕೈಚಾಚಿದ ನಾವೇ ಅಲ್ಲವೇ? ಈ ಮಾತು ಮುಂದೆ ಮತ್ತೆ ಬರುವದು.

ಇನ್ನು ಮಣೂಕದ ಕಥೆ. ನಮ್ಮ ಯಜಮಾನರ ತಂಗಿ, ಅಂದರೆ ನಮ್ಮ ನಾದಿನಿಯು, ಅಥಣಿಯ ಹಾದಿಯಲ್ಲಿ ತೊರವಿಯನ್ನು ದಾಟಿದರೆ ಸಿಗುವ ತಿಕೋಟೆಯ ಕಡೆಗೆ ದ್ರಾಕ್ಷಿಯ ತೋಟದ ಮನೆಯಲ್ಲಿದ್ದಾಳೆ. ಅವರ ಮಾಲಿನ ಬಹುಭಾಗವು ಸಾಂಗಲಿ, ತಾಸಗಾಂವಗಳ ಪೇಟೆಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪವನ್ನು ಆಕೆ ತಾನೇ ಆರಿಸಿ, ಪೊಟ್ಟಣ ಕಟ್ಟಿ, ನಮ್ಮ ಓಣಿಯ ಹದಿನೆಂಟು ಮನೆಗಳಿಗೆ ದೀಪಾವಳಿಯ ಮುಂಚೆ ಕೊಡುತ್ತಿದ್ದಳು. ಆ ಹಣವು ಆಕೆಯ ಸ್ವಂತದ್ದು. ಮಗಳ ಕಾಲೇಜಿನ ಖರ್ಚು ಅದರಿಂದ ಸಾಗುತ್ತಿತ್ತು.

ಹೋದ ವರ್ಷ ದಸರೆಯ ಸುಮಾರಿಗೆ ನಮ್ಮ ಮೊಬಾಯಿಲಿಗೆ ಒಂದು ವಾಟ್ಸಪ್ಪಿನ ಸಂದೇಶವು ಬಂದಿತು: ಹಳದಿ ಮಣೂಕಕ್ಕೆ ವಿಷದ ಬಣ್ಣ ಬಳಿಯುತ್ತಾರೆ, ತಿಂದ ಮಕ್ಕಳು ಆಸ್ಪತ್ರೆ ಸೇರಿದ್ದಾರೆ, ಎಲ್ಲರಿಗೂ ತಿಳಿಸಿರಿ ಎಂದು. ಯಾವ ಊರು, ಯಾವ ದಿನ, ಯಾರು ಕಂಡದ್ದು, ಯಾರು ಪರೀಕ್ಷಿಸಿದ್ದು ಎಂಬದೊಂದೂ ಅದರಲ್ಲಿರಲಿಲ್ಲ. ಆದರೂ ‘ಮಕ್ಕಳು’ ಎಂಬ ಶಬ್ದವನ್ನು ಕಂಡ ಕೂಡಲೆ ನಮ್ಮ ಎದೆ ಝಲ್ಲೆಂದಿತು. ಉಪಕಾರವಾಗಲೆಂದು ಮೂರು ಗುಂಪುಗಳಿಗೆ ಅದನ್ನು ಮುಂದೆ ಕಳುಹಿಸಿದೆವು. ಎರಡು ನಿಮಿಷದ ಕೆಲಸ. ಆ ದೀಪಾವಳಿಗೆ ನಮ್ಮ ನಾದಿನಿಯ ಹದಿನೆಂಟು ಮನೆಗಳಲ್ಲಿ ನಾಲ್ಕೇ ಉಳಿದವು. ಯಾಕೆಂದು ಆಕೆಗೆ ಮೊದಲು ತಿಳಿಯಲಿಲ್ಲ. ತಿಳಿದ ಬಳಿಕ ಆಕೆ ಜಗಳವಾಡಲಿಲ್ಲ. ಫಾಲ್ಗುಣದಲ್ಲಿ ದೂರಧ್ವನಿ ಮಾಡಿ ಇಷ್ಟೇ ಅಂದಳು: “ಕೇಳಿದ್ದನ್ನ ನಾಕ ಮಂದಿಗೆ ಹೇಳಿದ್ರಿ, ವೈನಿ. ನೋಡಾಕ ಮಾತ್ರ ಒಬ್ಬರೂ ಬರಲಿಲ್ಲ. ಈಗರೆ ಬರ್ರಿ.”

ಹೋದೆವು. ತಗ್ಗು ಮಾಡಿನ ಕೆಳಗೆ, ಬದಿಗಳಿಗೆ ಗೋಡೆಯಿಲ್ಲದ ಉದ್ದನ್ನ ಮನೆ. ಒಳಗೆ ಒಂದರ ಮೇಲೊಂದು ಬಲೆಯ ಅಂತಸ್ತುಗಳು. ಬೀಜವಿಲ್ಲದ ಥಾಮ್ಸನ್ ಜಾತಿಯ ದ್ರಾಕ್ಷಿಯ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟು ಮತ್ತು ಇಥೈಲ್ ಓಲಿಯೇಟು ಎಂಬ ಎಣ್ಣೆ ಕೂಡಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಿದ್ದರು. ದ್ರಾಕ್ಷಿಯ ಮೈಮೇಲೆ ಮೇಣದಂಥ ತೆಳುವಾದ ಪದರವುಂಟು. ಅದು ಸಡಿಲವಾಗದ ಹೊರತು ಒಳಗಿನ ನೀರು ಬೇಗನೆ ಹೊರಬೀಳಲಾರದು. ಅದ್ದಿದ ಗೊಂಚಲುಗಳು ಬಲೆಯ ಮೇಲೆ ನೆರಳು ಗಾಳಿಗಳಲ್ಲಿ ಎರಡು ಮೂರು ವಾರ ಒಣಗುತ್ತವೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಮಳೆಯ ಒಂದು ಹನಿಗೆ, ಮೋಡದ ಒಂದು ದಿನಕ್ಕೆ ಇಡೀ ವರ್ಷದ ದುಡಿತವು ಕಪ್ಪಾಗಬಹುದು.

“ಹಳದಿ ಬಣ್ಣ?” ಎಂದು ನಾವು ಕೇಳಿದೆವು. ಆಕೆ ಮುಚ್ಚಿಡಲಿಲ್ಲ. ಬಂಗಾರದ ಬಣ್ಣ ಬೇಕಾದ ಮಾಲಿಗೆ ಗಂಧಕದ ಹೊಗೆಯನ್ನು ಕೊಡುತ್ತಾರೆ. ಆ ಹೊಗೆಯು ಬಣ್ಣವನ್ನು ಬಳಿಯುವದಿಲ್ಲ. ಹಣ್ಣು ಕಂದಾಗದಂತೆ ತಡೆಯುತ್ತದೆ, ಹುಳುಬೂಷ್ಟುಗಳಿಂದಲೂ ಕಾಯುತ್ತದೆ. ಒಣಹಣ್ಣುಗಳಿಗೆ ಗೊತ್ತಾದ ಮಿತಿಯೊಳಗೆ ಇದನ್ನು ಉಪಯೋಗಿಸಲು ಕಾಯಿದೆಯ ಒಪ್ಪಿಗೆಯುಂಟು. ಪೊಟ್ಟಣದ ಮೇಲೆ ಐಎನ್‌ಎಸ್ 220 ಎಂಬ ಸಂಖ್ಯೆಯು ಇದನ್ನೇ ಸೂಚಿಸುತ್ತದೆ. ಉಬ್ಬಸವಿರುವ ಕೆಲವರಿಗೆ ಇದು ಒಗ್ಗದು. ಅಂಥವರು ಹೊಗೆ ಹಾಕದ ಕಂದುಬಣ್ಣದ್ದನ್ನು ಆರಿಸುವದು ಲೇಸು. “ಹೊಗಿ ಹಾಕದ್ದು ಹೆಚ್ಚಿಗೆ ಇಟ್ಟರ ಕೊಳ್ಳಾವರ ಯಾರ, ವೈನಿ? ಎಲ್ಲಾರೂ ಬಂಗಾರದಂಥಾದ್ದs ಬೇಕಂತಾರ,” ಎಂದಳು. ಬೆಲ್ಲದ ಅಂಗಡಿಯಲ್ಲಿ ಚಾಚಿದ ನಮ್ಮ ಕೈಯೇ ನಮಗೆ ಅಲ್ಲಿ ಕಂಡಿತು.

ವಾಚಕರು ಇದನ್ನು ಲಕ್ಷಿಸಬೇಕು. ಆ ಸಂದೇಶವು ಪೂರ್ತಿ ಸುಳ್ಳೆಂದೂ ನಾವು ಹೇಳಲಾರೆವು. ಹಳದಿಯ ಹಿಂದೆ ಒಂದು ರಾಸಾಯನಿಕವಿದ್ದದ್ದು ನಿಜ. ಆದರೆ ವಿಷದ ಬಣ್ಣವೆಂಬದು ನಿಜವಲ್ಲ. ಆಸ್ಪತ್ರೆ ಸೇರಿದ ಮಕ್ಕಳ ಗುರುತನ್ನು ಯಾರೂ ಹೇಳಲಿಲ್ಲ. ಅರೆನಿಜವು ಪೂರ್ತಿ ಸುಳ್ಳಿಗಿಂತ ಹೆಚ್ಚು ದೂರ ಓಡುತ್ತದೆ. ನಮ್ಮೂರಿನವರಿಗೆ ಇದನ್ನು ತಿಳಿಯಲು ಗ್ರಂಥ ಬೇಡ, 1656ರಲ್ಲಿ ಮುಗಿದ ಗೋಳಗುಮ್ಮಟವೇ ಸಾಕು. ಮೇಲಿನ ಮೊಗಸಾಲೆಯಲ್ಲಿ ಒಬ್ಬನು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರಿನವನ ಕಿವಿಗೆ ಮುಟ್ಟುತ್ತದೆ. ಒಂದು ಚಪ್ಪಾಳೆಯು ಮತ್ತೆಮತ್ತೆ ಮರುದನಿಗೊಡುತ್ತದೆ. ಏಳು ಸಲ ಕೇಳಿದರೂ ಚಪ್ಪಾಳೆ ತಟ್ಟಿದ್ದು ಒಂದೇ ಸಲವಲ್ಲವೇ? ನಮ್ಮ ಓಣಿಯಲ್ಲಿ ಎಲ್ಲರೂ ಒಂದೇ ಮಾತನ್ನು ಹೇಳುತ್ತಿದ್ದಾಗ, ಅಷ್ಟೊಂದು ಜನರು ಹೇಳುವದು ಸುಳ್ಳಾದೀತೇ ಎಂದುಕೊಂಡೆವು. ಅದರಲ್ಲಿ ಎಷ್ಟೋ ಧ್ವನಿಗಳು ನಾವೇ ಕಳುಹಿಸಿದ್ದರ ಮರುದನಿಗಳಾಗಿದ್ದವು.

ತಿಳಿದು ನಡೆಯುವ ನಾಗರಿಕನೆಂದರೆ ದಿನಕ್ಕೆ ನಾಲ್ಕು ಪತ್ರಿಕೆಗಳನ್ನು ಓದುವವನೆಂದು ಹಲವರ ಭಾವನೆ. ಓದುವದು ಬೇಕೇ ಬೇಕು. ವಚನಗಳ ಸಂಶೋಧನೆಗೆ ಹೆಸರಾದ ಫ. ಗು. ಹಳಕಟ್ಟಿಯವರು ಆಗಿನ ಬಿಜಾಪುರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು, ಈ ಮುದ್ರಣದ ಕಾರ್ಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಮಳೆಯಿಲ್ಲದ, ಬಡತನದ ಈ ಜಿಲ್ಲೆಯಲ್ಲಿ ಅಚ್ಚಿನ ಅಕ್ಷರಕ್ಕೆ ಅಷ್ಟು ಬೆಲೆಯನ್ನು ಕೊಟ್ಟವರು ಅವರು. ಅಂಥವರ ಅಚ್ಚಿನ ಕೆಳಗೆ ಹೆಸರು, ಊರು, ತಾರೀಖು ಇರುತ್ತಿದ್ದವು. ತಪ್ಪಾದರೆ ಕೇಳಲು ಒಬ್ಬ ಮನುಷ್ಯನಿರುತ್ತಿದ್ದನು. ಈಗ ನಮ್ಮ ಕೈಯೊಳಗೇ ಒಂದು ಮುದ್ರಣಾಲಯವಿದೆ. ಅದಕ್ಕೆ ಸಂಪಾದಕರೂ ನಾವೇ. ಆದರೆ ಸಂಪಾದಕರ ಹೊಣೆಯನ್ನು ನಾವು ಹೊತ್ತಿದ್ದೇವೆಯೇ?

ಸಂವಿಧಾನದ 51-ಎ ವಿಧಿಯಲ್ಲಿ ಪ್ರಜೆಗಳ ಕರ್ತವ್ಯಗಳನ್ನು ಹೇಳಿದೆ. 1976ರ 42ನೆಯ ತಿದ್ದುಪಡಿಯಿಂದ ಬಂದದ್ದು. ವೈಜ್ಞಾನಿಕ ಮನೋಭಾವವನ್ನೂ ವಿಚಾರಿಸಿ ನೋಡುವ ಬುದ್ಧಿಯನ್ನೂ ಬೆಳೆಸಿಕೊಳ್ಳುವದು ಅವುಗಳಲ್ಲಿ ಒಂದು. ಇದು ಪಂಡಿತರಿಗಾಗಿ ಬರೆದದ್ದೆಂದು ನಾವು ತಿಳಿದಿದ್ದೆವು. ಕಾಳನ್ನು ಹಸನು ಮಾಡದೆ ಬಾಣಲಿಗೆ ಹಾಕದ ಹೆಂಗಸಿಗೆ, ಮಾತನ್ನು ಹಸನು ಮಾಡದೆ ಮುಂದೆ ಕಳುಹಿಸಬೇಡವೆಂದು ಹೇಳುವದೇ ಅದರ ಅರ್ಥವೆಂದು ಈಗ ತೋರುತ್ತದೆ. ಯಾರು ಹೇಳಿದರು, ಎಲ್ಲಿ ಯಾವಾಗ ಆಯಿತು, ಕಂಡವರನ್ನು ಇಲ್ಲವೆ ಬಲ್ಲವರನ್ನು ಕೇಳಿದೆವೇ: ಈ ಮೂರು ಜರಡಿಗಳು ಮನೆಯಲ್ಲಿಯೇ ಇವೆ.

ಮನೆಯ ಜರಡಿಗೆ ನಿಲುಕದ್ದಕ್ಕೆ ಕಾಯಿದೆಯ ಜರಡಿಗಳೂ ಉಂಟು. ಅವುಗಳನ್ನು ಬಳಸದೆ ಕಟ್ಟೆಯ ಮೇಲೆ ಕುಳಿತು ಗೊಣಗುವದು ನಮ್ಮ ರೂಢಿ. ಆಹಾರದ ಪೊಟ್ಟಣದ ಮೇಲೆ ಪರವಾನಿಗೆಯ 14 ಅಂಕಿಗಳ ಸಂಖ್ಯೆಯಿದೆಯೋ ಇಲ್ಲವೋ ನೋಡಬಹುದು. ಸಂಶಯವಿದ್ದರೆ, ಕೊಂಡವರು ಗೊತ್ತಾದ ಶುಲ್ಕವನ್ನು ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು 2006ರ ಆಹಾರ ಸುರಕ್ಷತೆಯ ಕಾಯಿದೆಯಲ್ಲಿ ಅವಕಾಶವಿದೆ. ನೀರಿನ ಮಾತನ್ನೇ ತೆಗೆದುಕೊಳ್ಳಿರಿ. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿಯ ವಿಷಯವಾಗಿ ನಮ್ಮ ತವರಿನ ಕಟ್ಟೆಯ ಮೇಲೆ ಎಷ್ಟು ಬಾಯಿಗಳೋ ಅಷ್ಟು ವಾರ್ತೆಗಳು. ಯಾವ ಹಳ್ಳಿಗೆ ಯಾವ ಕಾಲುವೆಯೆಂಬದನ್ನು ಕಾಗದದಲ್ಲಿ ನೋಡಿದವರು ವಿರಳ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿಯ ಶುಲ್ಕದೊಡನೆ ಯಾವ ಸರಕಾರಿ ಕಚೇರಿಯನ್ನಾದರೂ ಬರವಣಿಗೆಯಲ್ಲಿ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡುವದು ಅವರ ಕರ್ತವ್ಯ. ಬಡತನದ ರೇಖೆಯ ಕೆಳಗಿನವರಿಗೆ ಶುಲ್ಕವೂ ಇಲ್ಲ. ಹಳ್ಳಿಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನೆರೆಯಬೇಕು. ಅಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳಿದ ಹೆಣ್ಣುಮಗಳು, ನೂರು ಸಂದೇಶಗಳನ್ನು ಕಳುಹಿಸಿದವಳಿಗಿಂತ ಊರಿಗೆ ಹೆಚ್ಚಿನ ಉಪಕಾರ ಮಾಡಿದಳೆಂದೇ ನಮ್ಮ ಮತ.

ತಿಕೋಟೆಯಿಂದ ಮರಳಿದ ದಿನವೇ ಆ ಮೂರು ಗುಂಪುಗಳಿಗೆ ನಾವು ಕಂಡದ್ದನ್ನು ನಮ್ಮ ಹೆಸರು ಹಾಕಿ ಬರೆದೆವು; ತಪ್ಪು ನಮ್ಮದೆಂದೂ ಬರೆದೆವು. ಮೊದಲಿನ ಸಂದೇಶಕ್ಕೆ ಬಂದಷ್ಟು ಉತ್ತರಗಳು ಇದಕ್ಕೆ ಬರಲಿಲ್ಲ. ವಿಷದ ಸುದ್ದಿಯನ್ನು ಹಂಚಿದವರು ತಿದ್ದುಪಡಿಯನ್ನು ಹಂಚಲಿಲ್ಲ, ಅದರಲ್ಲಿ ರುಚಿಯಿರಲಿಲ್ಲ. ಆದುದರಿಂದ ಸೆರಗು ಕಟ್ಟಿಕೊಂಡು, ಕೈಯಲ್ಲಿ ಸಣ್ಣ ಸಣ್ಣ ಪೊಟ್ಟಣಗಳನ್ನು ಹಿಡಿದು, ಬಿಟ್ಟುಹೋದ ಹದಿನಾಲ್ಕು ಮನೆಗಳ ಮೆಟ್ಟಲನ್ನು ನಾವೇ ಹತ್ತಿದೆವು. ಎರಡು ನಿಮಿಷದಲ್ಲಿ ಆದ ಕೆಲಸವನ್ನು ತಿದ್ದಲು ಎಂಟು ದಿನ ಹಿಡಿದವು.

ಇದೆಲ್ಲವನ್ನೂ ಅಳ್ಳಿಗೆ ಮಣೂಕ ಬೆರೆಸುತ್ತ ಮೊಮ್ಮಗಳಿಗೆ ಹೇಳಿದೆವು. ಆಕೆ ಏನೂ ಅನ್ನಲಿಲ್ಲ. ಊರಿಗೆ ಹೊರಡುವ ದಿನ ತನ್ನ ಡಬ್ಬಿಯ ಮೇಲೆ ತಾನೇ ಒಂದು ಚೀಟಿಯನ್ನು ಅಂಟಿಸಿದಳು. ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿ, ಹೆಚ್ಚಿನದು ಮೊದಲು, ಕಡಿಮೆಯದು ಕಡೆಗೆ ಎಂದು ಬರೆದಿದ್ದಳು. ಶೇಂಗಾ, ಬೆಲ್ಲ ಎರಡೂ ಅಳ್ಳಿಗಿಂತ ಮೇಲೆ ಬಂದಿದ್ದವು! ನಾಲ್ಕು ಬಟ್ಟಲು ಅಳ್ಳು ಗಾಳಿಯಂತೆ ಹಗುರು. ಮುಕ್ಕಾಲು ಬಟ್ಟಲು ಬೆಲ್ಲವೇ ಅದಕ್ಕಿಂತ ಭಾರ. ಪೇಟೆಯ ಪೊಟ್ಟಣದಲ್ಲಿ ಸಕ್ಕರೆಯು ಎರಡನೆಯದೆಂದು ಹಂಗಿಸಿದ ನಮಗೆ ನಮ್ಮ ಬೆಲ್ಲವೂ ಎರಡನೆಯ ಸ್ಥಾನದಲ್ಲಿಯೇ ಕಂಡಿತು. ಮುಂದಿನ ಸಲ ಅರ್ಧ ಬಟ್ಟಲಿಗೆ ಇಳಿಸುವೆವು. ವಾಚಕರೂ ಹಾಗೆಯೇ ಮಾಡಬಹುದು, ಮುದ್ದೆ ಕಟ್ಟದಿದ್ದರೂ ರುಚಿಗೆ ಕೊರತೆಯಾಗದು. ಚೀಟಿಯ ಕೆಳಗೆ ಮಾಡಿದ ತಾರೀಖು. ಅದರ ಕೆಳಗೆ, ‘ಮಣೂಕ ತಿಕೋಟೆಯದು, ಗಂಧಕದ ಹೊಗೆ ಹಾಕದ್ದು.’

ನಾದಿನಿಯ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ತಿರುಗಿ ಬಂದಿವೆ. ಉಳಿದ ಐದು ಮನೆಯವರು ಈಗಲೂ ಮಣೂಕವೆಂದರೆ ಮುಖ ತಿರುಗಿಸುತ್ತಾರೆ. ಆ ಐದು ಮನೆಗಳ ಬಾಕಿಯು ನಮ್ಮ ಹೆಸರಿನಲ್ಲಿಯೇ ಇದೆ. ದೀಪಾವಳಿಗೆ ಇನ್ನೂ ದಿನಗಳಿವೆ. ಮತ್ತೊಮ್ಮೆ ಮೆಟ್ಟಲು ಹತ್ತುವೆವು.